ಮೊದಲ ಬೆಂಚಿಗೆ ಬಿದ್ದ ಪ್ರಸಂಗ

ಚರ್ಚಿನಲ್ಲಿ ಬೈಬಲಿನ ವೇದಪಾಠ ಓದಿ ಮುಗಿಸಿದ ಎಸ್ತೇರಮ್ಮ ಮೊದಲ ಬೆಂಚಿಗೆ ವಾಪಸು ಬಂದು ಕೂತರು. ಇವತ್ತು ಕೂತದ್ದು ಪ್ರಸಂಗ ಕೇಳಲಿಕ್ಕಲ್ಲ, ಚಾಡಿ ಹೇಳುವವಳನ್ನು ಹಿಡಿಯಲಿಕ್ಕೆ. ಅವಳು ಬೇರೆ ಯಾರೂ ಅಲ್ಲ, ಹಿಂದಿನ ಸಾಲಿನಲ್ಲಿ ಏನೂ ಅರಿಯದವಳಂತೆ ಕೂತಿದ್ದ ಸ್ವಂತ ಸೊಸೆ ನಯನಾ.

ಅನುಮಾನ ಶುರುವಾದದ್ದು ಹೊಸ ಪಾದ್ರಿ ಅಯ್ಯನವರು ಈ ಸಭೆಗೆ ವರ್ಗವಾಗಿ ಬಂದ ಮೇಲೆ. ಯಾವ ಭಾನುವಾರಕ್ಕೆ ಯಾವ ಪಾಠ ಎಂಬುದು ವರ್ಷದ ಮೊದಲೇ ಗೊತ್ತಾಗಿರುತ್ತದೆ. ಎಸ್ತೇರಮ್ಮ ಓದಬೇಕು, ಅಯ್ಯನವರು ಅದನ್ನೇ ಹಿಡಿದು ಪ್ರಸಂಗ ಮಾಡಬೇಕು. ಅಲ್ಲಿಯವರೆಗೆ ಸರಿ. ಆದರೆ ಮರಳುಗಾಡಿನಲ್ಲಿ ದೇವರು ಕೊಟ್ಟ ಊಟಕ್ಕೆ ಜನ ಗೊಣಗಿದ ಪಾಠ ಓದಿದರೆ, ಸಾರಿಗೆ ಉಪ್ಪು ಕಮ್ಮಿಯೆಂದು ತಟ್ಟೆ ತಳ್ಳಿ ಮುಖ ಊದಿಸಿಕೊಳ್ಳುವವರ ವಿಷಯ ಎಲ್ಲಿಂದ ಬರಬೇಕು? ಆ ವಾರ ಎಸ್ತೇರಮ್ಮ ತಟ್ಟೆ ತಳ್ಳಿದ್ದರು. ಅಕ್ಕ ಮಾರ್ತಾ ಒಬ್ಬಳೇ ದುಡಿಯುತ್ತಿದ್ದರೆ ತಂಗಿ ಮರಿಯ ಕೂತೇ ಇದ್ದ ಪಾಠ ಓದಿದ ದಿನ ಮಂಗಳಾರತಿಯಾದದ್ದು, ಟಿವಿ ಮುಂದೆ ಕಾಲು ಚಾಚಿ ಕೂತಲ್ಲಿಗೇ ಕಾಫಿ ತರಿಸಿಕೊಳ್ಳುವವರಿಗೆ. ಸರಸ್ವತಿಪುರಂನಲ್ಲಿ ಹಾಗೆ ಕೂರುವ ಹೆಂಗಸು ಯಾರೆಂದು ಎಸ್ತೇರಮ್ಮನಿಗೆ ಚೆನ್ನಾಗಿ ಗೊತ್ತು.

ಹೇಳುವಾಗ ಅಯ್ಯನವರ ಕಣ್ಣು ಬೀಳುತ್ತಿದ್ದದ್ದೂ ಮೊದಲ ಬೆಂಚಿನ ಮೇಲೇ. ಕೈಯಲ್ಲಿದ್ದ ಕಾಗದ ನೋಡಿ ತಡವರಿಸುವರು, ಕುತ್ತಿಗೆಯ ಬೆವರು ಒರೆಸಿಕೊಳ್ಳುವರು. ಪಾಪ, ನನ್ನ ಮುಖ ನೋಡಿಕೊಂಡು ಹೇಳಲಿಕ್ಕೆ ಅವರಿಗೂ ಸಂಕಟ ಎಂದುಕೊಂಡರು ಎಸ್ತೇರಮ್ಮ. ಅದೇ ಬೆಂಚಿನಲ್ಲಿ ಕೂರುವ ಅಯ್ಯನವರ ಹೆಂಡತಿ ಸುಜಯಾ ಅಮ್ಮನವರು, ಸರಿಯಾಗಿ ಹೇಳಿದಿರಿ ಎಂಬಂತೆ ತಲೆಯಾಡಿಸಿದಾಗಂತೂ ಇವರ ಮೈಯೆಲ್ಲ ಉರಿದುಹೋಯಿತು.

ಮನೆಯ ಮಾತು ದೇವಾಲಯಕ್ಕೆ ಹೇಗೆ ಹೋಗುತ್ತದೆ? ಕಾಲು ಬಂದು ನಡೆದುಹೋಗುತ್ತದೆಯೇ? ಹಾಡಿನ ಅಭ್ಯಾಸವೆಂದು ವಾರವಾರ ಅಯ್ಯನವರ ಮನೆಗೆ ಹೋಗುವವಳು ನಯನಾ. ತಾಯಿಯಿಲ್ಲದ ಹುಡುಗಿಯೆಂದು ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡಿದ್ದಕ್ಕೆ ಇದು ಪ್ರತಿಫಲ. ಎಸ್ತೇರಮ್ಮನಿಗೆ ನಿಜವಾಗಿಯೂ ಅಳು ಬಂದಿತ್ತು.

ಅದಕ್ಕೇ ನಿನ್ನೆ ಗಾಳ ಹಾಕಿದರು. ಇವತ್ತಿನ ಪಾಠ, ಬೇಡವೆಂದ ಹಣ್ಣು ತಿಂದು ಮರದ ಮರೆಯಲ್ಲಿ ಅಡಗಿದ ಗಂಡಹೆಂಡಿರದು. ನಯನಾಳನ್ನು ಹತ್ತಿರ ಕರೆದು, ಸಕ್ಕರೆ ಕಾಯಿಲೆಯಿದ್ದರೂ ಅಕ್ಕಿ ಡಬ್ಬದ ಹಿಂದೆ ಮೈಸೂರುಪಾಕು ಬಚ್ಚಿಟ್ಟು ತಿನ್ನುತ್ತಿದ್ದೇನೆ, ಯಾರಿಗೂ ಹೇಳಬೇಡ ಎಂದು ಹಸಿ ಸುಳ್ಳು ಹೇಳಿದರು. ಪಾಠದಲ್ಲಿರುವುದು ಹಣ್ಣು. ಪ್ರಸಂಗದಲ್ಲಿ ಮೈಸೂರುಪಾಕು ಬಂದರೆ ಅದು ನಯನಾಳ ಬಾಯಿಂದಲೇ ಬಂದಿರಬೇಕು. ಬಂದರೆ ಮಗ ಸೊಸೆ ಇಬ್ಬರೂ ಬೇರೆ ಮನೆಗೆ. ರಾಮಕೃಷ್ಣನಗರದಲ್ಲಿ ಒಂದು ಬಾಡಿಗೆ ಮನೆಯನ್ನೂ ನೋಡಿಟ್ಟಾಗಿತ್ತು.

ಅಯ್ಯನವರು ಕಾಗದ ಬಿಡಿಸಿದರು. ಹಣ್ಣಿನ ವಿಷಯ ಸಲೀಸಾಗಿ ಹೋಯಿತು. ಆಮೇಲೆ ಇದ್ದಕ್ಕಿದ್ದಂತೆ ನಿಂತರು, ಮೊದಲ ಬೆಂಚಿನತ್ತ ನೋಡಿದರು, ಉಗುಳು ನುಂಗಿದರು.

"ಡಾಕ್ಟರು ಬೇಡವೆಂದರೂ ಡಬ್ಬದ ಹಿಂದೆ ಮೈಸೂರುಪಾಕು ಬಚ್ಚಿಟ್ಟು ತಿನ್ನುವವರೇ, ದೇವರಿಗೆ ಕಾಣುವುದಿಲ್ಲ ಅಂದುಕೊಂಡಿರಾ?"

ಸಿಕ್ಕಿಬಿದ್ದಳು! ಎಸ್ತೇರಮ್ಮ ಹಿಂದೆ ತಿರುಗಿ ಸೊಸೆಯನ್ನು ದುರುಗುಟ್ಟಿ ನೋಡಿದರು. ನಯನಾ ಕಕ್ಕಾಬಿಕ್ಕಿಯಾದಳು. ಏನು ನಾಟಕ, ಏನು ನಾಟಕ.

ಆಶೀರ್ವಾದ ಮುಗಿದದ್ದೇ ತಡ, ಎಸ್ತೇರಮ್ಮ ಸುಜಯಾ ಅಮ್ಮನವರ ಕೈ ಹಿಡಿದು ಬಾಗಿಲ ಪಕ್ಕಕ್ಕೆ ಎಳೆದುಕೊಂಡು ಹೋದರು.

"ಅಮ್ಮನವ್ರೇ, ನಿಜ ಹೇಳ್ಬುಡಿ. ನಮ್ಮನೆ ವಿಷ್ಯನೆಲ್ಲ ಅಯ್ಯನವ್ರ ಕಿವಿಗೆ ಹಾಕ್ತಿರೋಳು ನಯನಾನೇ ತಾನೆ? ಇವತ್ತೇ ಅವಳನ್ನ ಮನೆಯಿಂದ ಆಚೆ ಕಳಿಸ್ತೀನಿ."

ಅಮ್ಮನವರು ಗಾಬರಿಯಿಂದ ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಅಯ್ಯೋ, ಆ ಹುಡುಗಿ ಏನೂ ಹೇಳಿಲ್ಲ ಕಣ್ರೀ. ಸಾರು, ಕಾಫಿ, ಮೈಸೂರುಪಾಕು ಎಲ್ಲ ನಮ್ಮನೇದೇ. ನಮ್ಮ ಯಜಮಾನ್ರಿಗೆ ಮನೇಲಿ ಎಷ್ಟು ಬಡ್ಕೊಂಡ್ರೂ ಕೇಳ್ಸಲ್ಲ, ಅದಕ್ಕೇ ಅವರ ಪ್ರಸಂಗನೆಲ್ಲ ನಾನೇ ಬರ್ಕೊಡ್ತೀನಿ, ಎಲ್ಲರ ಮುಂದೆ ಅವರಿಗೆ ಅವರೇ ಓದಿ ಹೇಳ್ಕೊಳ್ಳಲಿ ಅಂತ."