ನಿಂಬೆ ವಾಸನೆ

"ಎಲ್ಲಿ, ಕೈ ತಾರೋ," ಎಂದ ಅಣ್ಣ ಹಾಸಿಗೆಯಿಂದ. ಗಂಟಲ ಹುಣ್ಣು ಹನಿ ನೀರನ್ನೂ ಇಳಿಯಗೊಡದಿದ್ದ ಮೇಲೆ, ತಮ್ಮ ಉಂಡು ಬಂದಾಗ ಅವನ ಕೈ ಮೂಸುವುದೇ ಅಣ್ಣನ ಊಟವಾಗಿತ್ತು. ಮೂವತ್ತು ವರ್ಷ ಒಲೆ ಮುಂದೆ ನಿಂತ ಅಡುಗೆಯವನ ಮೂಗು. ಎಣ್ಣೆ ಎಷ್ಟು ದಿನದ್ದೆಂದು ಹೇಳಿಬಿಡುತ್ತಿತ್ತು. ಆಪರೇಷನ್ನಿಗೆ ನಾಲ್ಕು ಕಾಸು ಉಳಿಯಲೆಂದು ಆಸ್ಪತ್ರೆಯ ಹಿಂದಿನ ಗಲ್ಲಿಯ ಅಗ್ಗದ ಹೋಟೆಲನ್ನು ಆರಿಸಿಕೊಟ್ಟದ್ದೂ ಆ ಮೂಗೇ.

ಇವತ್ತು ಅವನು ಬೆರಳುಗಳನ್ನು ಒಂದೊಂದಾಗಿ ಮೂಸಿದ. "ಯಾವ ಹೋಟ್ಲೋ?"

"ಅದೇ ಅಣ್ಣ, ಗಲ್ಲೀದು."

"ದಿನಾ ನಿನ್ನ ಕೈ ಬಟ್ಟೆ ಸೋಪು ನಾರತ್ತೆ. ಇವತ್ತು ನಿಂಬೆಹಣ್ಣು. ಕೈ ತೊಳೆಯೋಕೆ ಬಿಸಿನೀರಿಗೆ ಹೋಳು ಹಾಕಿ ಟೇಬಲ್ಲಿಗೇ ತಂದಿಡೋ ಅಂಥ ದುಬಾರಿ ಹೋಟ್ಲು." ಅಣ್ಣ ಹಿಡಿದ ಕೈ ಬಿಡಲಿಲ್ಲ. "ಇನ್ನು ಆಪರೇಷನ್ ಮಾಡಿ ಪ್ರಯೋಜನ ಇಲ್ಲ ಅಂದ್ರಾ ಡಾಕ್ಟ್ರು?"

ತಮ್ಮನ ಕಣ್ಣು ತುಂಬಿತು. ಹಾಗೇನಿಲ್ಲ, ನಿನ್ನ ಚಿಂತೇಲಿ ನನಗೆ ತುತ್ತೇ ಇಳೀಲಿಲ್ಲ ಎಂದು ಹೇಳಲು ಬಾಯಿ ತೆರೆದ. ಮಾತಿಗಿಂತ ಮುಂಚೆ, ಹೊಟ್ಟೆಯ ಆಳದಿಂದ, ಭರ್ಜರಿ ತೇಗೊಂದು ಬಂತು.