ಹೊಸ್ತಿಲು ದಾಟದ ಇರುವೆಗಳು

ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಯಂತ್ರದ ಇರುವೆ ಸಾಕುವುದು ರೂಢಿಯಾದ ಮೇಲೆ ಶೈಲಜಾ ಕೂಡ ಆ ಕಾಯಿಲೆ ಇಬ್ಬರಿಗೂ ಇದ್ದ ತನ್ನ ತಂದೆತಾಯಿಗೆಂದು ಒಂದು ಡಬ್ಬಿ ಇರುವೆ ತಂದುಬಿಟ್ಟಳು. ಸಿಹಿ ಎಲ್ಲಿ ಅಡಗಿದ್ದರೂ ಅವು ಮೂಸಿಕೊಂಡು, ಸಾಲುಗಟ್ಟಿ ಹೋಗಿ, ಅಲ್ಲಿ ಕೆಂಪಗೆ ಮಿನುಗುತ್ತವೆ. ಮೊದಲ ದಿನವೇ ಅಪ್ಪನ ಹಾಸಿಗೆಯಡಿಯ ಬೇಸನ್ ಉಂಡೆ ಸಿಕ್ಕಿಬಿತ್ತು.

ಆಮೇಲೆ ಅಪ್ಪ ವಿರೂಪಾಕ್ಷಪ್ಪನವರಿಗೆ ಭಕ್ತಿ ಬಂತು. ಬೆಳಿಗ್ಗೆ ಎದ್ದವರೇ ದೇವರಮನೆಯ ಹೊಸ್ತಿಲಿಗೆ ತಾವೇ ಅರಿಸಿನ ಬಳಿಯತೊಡಗಿದರು. ಹೆಂಡತಿ ನಾಗರತ್ನಮ್ಮ ಇದನ್ನು ಕೇರಿಗೆಲ್ಲ ಹೇಳಿಕೊಂಡು ಬಂದರು.

ಈ ಸೋಮವಾರ ಶೈಲಜಾ ಬಂದು ನೋಡಿದರೆ, ಇರುವೆಗಳೆಲ್ಲ ಆ ಹೊಸ್ತಿಲಾಚೆ ಹೋಗದೆ ಗುಂಪುಗೂಡಿವೆ.

“ಇವ್ಯಾಕಪ್ಪ ಇಲ್ಲೇ ನಿಂತಾವೆ?”

“ದೇವರಮನೆ ಅಲ್ವೇನವ್ವ, ಅವಕ್ಕೂ ಗೊತ್ತು.”

“ನಮ್ಮನೇಲಿ ಯಂತ್ರಕ್ಕೂ ಭಕ್ತಿ ಐತೆ,” ಎಂದು ನಾಗರತ್ನಮ್ಮ ಕೈಮುಗಿದರು.

ನಿಜವಾದ ಇರುವೆ ಅರಿಸಿನದ ಗೆರೆ ದಾಟುವುದಿಲ್ಲವೆಂದು ಶೈಲಜಾಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದು ಇದೇ ಅಮ್ಮ. ಯಂತ್ರ ಮಾಡಿದವರು ಅದನ್ನೂ ಬಿಡದೆ ನಕಲು ಮಾಡಿದ್ದಾರೆ ಎಂಬುದು ಅವಳಿಗೆ ಈಗ ಹೊಳೆಯಿತು. ಒದ್ದೆ ಬಟ್ಟೆ ತಂದು ಹೊಸ್ತಿಲು ಒರೆಸಿದಳು. ವಿರೂಪಾಕ್ಷಪ್ಪ ಕಣ್ಣುಮುಚ್ಚಿ ಮಂತ್ರ ಶುರುಮಾಡಿದರು.

ಇರುವೆಗಳು ಒಳಗೆ ನುಗ್ಗಿ ಎರಡು ಸಾಲಾದವು. ಒಂದು ಸಾಲು ದೇವರ ಪೀಠದ ಹಿಂದಿದ್ದ ಉಂಡೆಯ ಡಬ್ಬಿಗೆ ಹೋಯಿತು. ಇನ್ನೊಂದು, ನಾಗರತ್ನಮ್ಮನಲ್ಲದೆ ಬೇರೆ ಯಾರೂ ಮುಟ್ಟದ ಹೂಬತ್ತಿಯ ಡಬ್ಬಿ ಹತ್ತಿ ಕೆಂಪಗೆ ಮಿನುಗಿತು.

ಮಂತ್ರ ನಿಂತಿತು. ವಿರೂಪಾಕ್ಷಪ್ಪ ಒಂದು ಕಣ್ಣು ತೆರೆದು ಹೆಂಡತಿಯನ್ನು ನೋಡಿದರು.

“ನನ್ನೇನ್ ನೋಡ್ತೀರಿ?” ಎಂದರು ನಾಗರತ್ನಮ್ಮ. “ದಿನಾ ಅರಿಸಿನ ಕಲಸಿ ನಿಮ್ಮ ಕೈಗೆ ಕೊಟ್ಟಿದ್ದು ಸುಮ್ನೆ ಅನ್ಕೊಂಡ್ರಾ?”