ಒಂದು ಹೊತ್ತಿನ ಬುತ್ತಿ

"ಯಾರು ಅಂತ ಹೇಳಿ. ಇಲ್ಲಾಂದ್ರೆ ಎಲ್ಲರೂ ಕೀಲಿ ಇಟ್ಟು ಹೊರಡ್ತಾ ಇರಿ," ಎಂದು ಧಣಿ ಮೇಜು ಗುದ್ದಿದ. ಚಹಾದ ಲೋಟ ಹಾರಿ ಬಿತ್ತು. ಸಾಲಾಗಿ ನಿಂತಿದ್ದ ಚಾಲಕರು ಲೋಟ ಉರುಳಿಹೋದ ದಾರಿಯನ್ನೇ ನೋಡುತ್ತ ನಿಂತರು.

ಲಾರಿಗಳೆಲ್ಲ ಅವನವು. ಉಕ್ಕಿನ ಕಾರ್ಖಾನೆಯ ಸರಳುಗಳನ್ನು ಊರೂರಿಗೆ ಮುಟ್ಟಿಸುವ ಗುತ್ತಿಗೆ ಅವನದು. ತನ್ನ ಲಾರಿ ನಿಂತರೆ ಅರ್ಧ ರಾಜ್ಯದ ಕೆಲಸ ನಿಲ್ಲುತ್ತದೆ ಎಂದು ಹೇಳಿಕೊಂಡು ತಿರುಗುತ್ತಿದ್ದ. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಎರಡು ಲಾರಿಯ ಸರಕನ್ನು ಒಂದೇ ಲಾರಿಗೆ ತುರುಕುವುದು ಅವನು ಕಂಡುಕೊಂಡ ಜಾಣತನ. ಹೆದ್ದಾರಿಯಲ್ಲಿ ವೇಬ್ರಿಜ್ ಇದೆ, ತೂಕ ಬಯಲಾಗುತ್ತದೆ. ಹಾಗಾಗಿ ಸರಿಯಾಗಿ ತುಂಬಿದ ಲಾರಿ ಹೆದ್ದಾರಿಗೆ, ಮಿತಿಮೀರಿ ತುಂಬಿದ್ದು ಗುಡ್ಡದ ಅಡ್ಡದಾರಿಗೆ. ಹೆದ್ದಾರಿ ಸುತ್ತು, ಕತ್ತಲಾಗುವ ತನಕ ಓಡಿಸಬೇಕು. ಗುಡ್ಡದ ದಾರಿ ಹತ್ತಿರ, ಆದರೆ ಇಳಿಜಾರು ಎದೆ ನಡುಗಿಸುವಂಥದ್ದು.

ಈಚೆಗೆ ಗುಡ್ಡಕ್ಕೆ ಹೋದ ಲಾರಿಗಳೇ ಆರಿಸಿದ ಹಾಗೆ ಸಿಕ್ಕಿಬೀಳುತ್ತಿದ್ದವು. ಇಳಿಜಾರಿಗೆ ಮುಂಚಿನ ತಿರುವಿನಲ್ಲಿ ಸಾರಿಗೆ ಇಲಾಖೆಯ ಜೀಪು ಅಡ್ಡ ನಿಂತಿರುತ್ತಿತ್ತು. ಇನ್ನೊಮ್ಮೆ ಸಿಕ್ಕರೆ ಪರ್ಮಿಟ್ ರದ್ದು ಎಂದು ನೋಟಿಸು ಬಂದಿತ್ತು. ಪರ್ಮಿಟ್ ಹೋದರೆ ಗುತ್ತಿಗೆಯೂ ಹೋಯಿತು. ಒಳಗಿನವರೇ ಯಾರೋ ಸುದ್ದಿ ಮುಟ್ಟಿಸುತ್ತಿದ್ದಾರೆ ಎಂಬುದರಲ್ಲಿ ಅನುಮಾನವೇ ಇರಲಿಲ್ಲ.

ಹಿಂದಿನ ದಿನ ಸಿಕ್ಕಿಬಿದ್ದು ಆಗಷ್ಟೇ ಬಿಡಿಸಿಕೊಂಡು ಬಂದಿದ್ದ ಚಾಲಕನ ಮೇಲೆ ಧಣಿ ಹರಿಹಾಯ್ದ. ಜೀಪು ಕಂಡ ಕೂಡಲೇ ತಿರುಗಿಸಿಕೊಂಡು ಬರಲು ಏನು ದಾಡಿ ಎಂದು ಕೇಳಿದ. ಆ ತಿರುವಿನಲ್ಲಿ ಸೈಕಲ್ಲೂ ತಿರುಗುವುದಿಲ್ಲ ಎಂದು ಆತ ಗೊಣಗಿದ. ಇಡೀ ದಿನ ಅಲ್ಲಿ ಕೂತು ಏನು ಮಾಡಿದೆ ಎಂದರೆ, ಪಾಪ, ಇದ್ದದ್ದನ್ನೇ ಹೇಳಿದ.

"ಮಧ್ಯಾಹ್ನ, ರಾತ್ರಿ ಎರಡೂ ಹೊತ್ತು ಹೊಟ್ಟೆ ತುಂಬ ಉಂಡೆ ಧಣಿ. ಅಕ್ಕ ಕಟ್ಟಿದ್ದು ಸಾಕಷ್ಟಿತ್ತು."

ಧಣಿಯ ನೆತ್ತಿ ಕಾದು ಕೆಂಡವಾಯಿತು. ತನ್ನ ಹೊಟ್ಟೆಗೆ ಬೆಂಕಿ ಬಿದ್ದಿರುವಾಗ ಇವನು ಉಂಡ ಲೆಕ್ಕ ಹೇಳುತ್ತಿದ್ದಾನೆ!

ಅಕ್ಕ ಎಂದರೆ ಧಣಿಯ ಹೆಂಡತಿ. ಅವಳ ತಮ್ಮನೂ ಇಲ್ಲೇ ಚಾಲಕನಾಗಿದ್ದ. ಅವನು ಕರೆಯುವುದನ್ನು ಕೇಳಿ ಎಲ್ಲರಿಗೂ ಅವಳು ಅಕ್ಕನಾದಳು. ಲಾರಿ ಹೋಟೆಲಿನ ಮುಂದೆ ನಿಲ್ಲಕೂಡದು ಎಂಬುದು ಧಣಿಯ ಕಟ್ಟಪ್ಪಣೆ. ಅದಕ್ಕೇ ಎಲ್ಲರ ಬುತ್ತಿ ಅವನ ಮನೆಯಿಂದಲೇ ಹೋಗುತ್ತಿತ್ತು. ಹೆದ್ದಾರಿಗೆ ಎರಡು ಹೊತ್ತಿನದು, ಗುಡ್ಡಕ್ಕೆ ಒಂದು ಹೊತ್ತಿನದು. ಆಗಲೂ ಅವಳು ಅಡುಗೆಮನೆಯ ಕಿಟಕಿಯ ಆಚೆ ಕ್ಯಾರಿಯರ್ ತೊಳೆಯುತ್ತಿದ್ದಳು. ತಮ್ಮ ಹೋದ ಮೇಲೆ ಅವಳ ಮಾತು ಕಡಿಮೆಯಾಗಿತ್ತು, ಗಂಡನಿಗೆ ಅದು ಅನುಕೂಲವಾಗಿಯೇ ಇತ್ತು.

"ಆ ಇಳಿಜಾರಲ್ಲಿ ಒಬ್ಬನ್ನ ಕಳಕೊಂಡಿದ್ದೀವಿ. ಸಾಲದಾ?" ಎಂದು ಹಿಂದಿನಿಂದ ಒಂದು ದನಿ ಬಂತು. ಗುರು. ಅಲ್ಲಿದ್ದ ಎಲ್ಲರಿಗೂ ಸ್ಟಿಯರಿಂಗ್ ಹಿಡಿಸಿದ ಹಿರಿಯ ಚಾಲಕ.

"ನನ್ನ ಭಾವಮೈದುನ ನಿದ್ದೆ ಹೊಡೆದು ಸತ್ತ. ಅದಕ್ಕೆ ನನ್ನ ಲೋಡು ಏನು ಮಾಡುತ್ತೆ?"

"ಬ್ರೇಕು ಸುಟ್ಟು ಕರಕಲಾಗಿತ್ತು. ನಿದ್ದೆ ಮಾಡೋನು ಬ್ರೇಕು ತುಳೀತಾನಾ?"

ಕಿಟಕಿಯ ಆಚೆ ನಲ್ಲಿಯ ಸದ್ದು ನಿಂತಿತು.

ಧಣಿಗೆ ಕಳ್ಳ ಸಿಕ್ಕಿಬಿಟ್ಟ. ಉಂಡ ಮನೆಗೆ ಎರಡು ಬಗೆಯುವ ನಾಯಿ ಎಂದ. ಬಾಯಿಗೆ ಬಂದದ್ದೆಲ್ಲ ಬೈದ. ಗುರು ತಿರುಗಿ ಬೈಯಲಿಲ್ಲ. ಕೀಲಿಯನ್ನು ಮೇಜಿನ ಮೇಲಿಟ್ಟು, ಬಿದ್ದಿದ್ದ ಲೋಟವನ್ನು ಎತ್ತಿ ಅದರ ಪಕ್ಕಕ್ಕಿಟ್ಟು ಹೊರಟುಹೋದ.

ಆದರೂ ಧಣಿಯ ಸಿಟ್ಟು ಇಳಿಯಲಿಲ್ಲ. ಕಾರ್ಖಾನೆಯವರು ಸರಳು ಬೇಗ ಮುಟ್ಟಿಸಿ ಎಂದು ಪ್ರಾಣ ತಿನ್ನುತ್ತಿದ್ದರು. ಯಾರನ್ನೂ ನಂಬುವ ಹಾಗಿಲ್ಲ. ಕಾರ್ಖಾನೆಯಲ್ಲಿ ತಾನೇ ಮುಂದೆ ನಿಂತು ಲಾರಿಯ ಬೆನ್ನು ಬಾಗುವಷ್ಟು ತುಂಬಿಸಿದ. ಮೇಲೆ ಟಾರ್ಪಾಲು ಹೊದಿಸಿ ತಂದು, ಲಾರಿ ರಿಪೇರಿಗೆ ಹೋಗುತ್ತದೆ ಎಂದು ಚಾಲಕರ ಕಣ್ಣಿಗೆ ಮಣ್ಣೆರಚಿದ.

ಬೆಳಿಗ್ಗೆ ಹೊರಡುವಾಗ ಹೆಂಡತಿ ಬಾಗಿಲಿಗೆ ಬಂದಳು. ಎಷ್ಟು ಹೊತ್ತಿನದು ಕಟ್ಟಲಿ ಎಂದು ಎಂದಿನಂತೆ ಕೇಳಿದಳು.

"ಒಂದು ಹೊತ್ತಿಂದು ಸಾಕು."

"ನೀವೇ ಓಡಿಸ್ತೀರಾ?"

"ಮತ್ತೆ ನಿಮ್ಮಪ್ಪ ಬರ್ತಾನಾ?"

ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು. ಬುತ್ತಿ ಬರುವುದು ತಡವಾಯಿತು. ಅವನು ಹಾರ್ನ್ ಒತ್ತಿ ಹಿಡಿದು ಬೀದಿಯನ್ನೆಲ್ಲ ಎಬ್ಬಿಸಿದ. ಕೊನೆಗೆ ಅವಳು ಕ್ಯಾರಿಯರನ್ನು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ತಂದು ಸೀಟಿನ ಮೇಲಿಟ್ಟಳು.

ತಿರುವಿನಲ್ಲಿ ಜೀಪು ನಿಂತಿತ್ತು.

ಧಣಿ ಕೂಗಾಡಿದ, ದೊಡ್ಡವರ ಹೆಸರು ಹೇಳಿದ, ಕೊನೆಗೆ ಕೈಯನ್ನೂ ಮುಗಿದ. ಇನ್ಸ್‌ಪೆಕ್ಟರ್ ಚಕ್ರಗಳನ್ನು ಒಂದು ಸುತ್ತು ನೋಡಿ ಬಂದು, ಫೋನ್ ಬಂದಿತ್ತು ಎಂದಷ್ಟೇ ಹೇಳಿದ.

"ಯಾರದು?"

"ನೀವು ಜೀವಂತ ಮನೆ ಸೇರಲಿ ಅನ್ನೋರದು."

ಇದು ಗೇಲಿಯೇ ಸರಿ ಎಂದುಕೊಂಡು ಧಣಿ ಹಲ್ಲು ಕಡಿದ. ಅಲ್ಲಿಂದಲೇ ಗುರುವಿಗೆ ಫೋನ್ ಮಾಡಿ ಜನ್ಮ ಜಾಲಾಡಿದ. ಎಲ್ಲ ಕೇಳಿಸಿಕೊಂಡ ಗುರು, ನೀವು ಲಾರಿ ಹತ್ತಿದ್ದೇ ನನಗೆ ಈಗ ಗೊತ್ತಾಗ್ತಿದೆ ಎಂದ. ಆ ದನಿಯಲ್ಲಿ ಕಪಟ ಇರಲಿಲ್ಲ. ಅದು ಧಣಿಗೆ ಇನ್ನಷ್ಟು ಉರಿ ಎಬ್ಬಿಸಿತು. ಯಾರಿಗೂ ಹೇಳಿಲ್ಲ, ಒಂದು ನರಪಿಳ್ಳೆಗೂ ಹೇಳಿಲ್ಲ ಎಂದು ಟೈರಿಗೆ ಒದ್ದ. ನೋವಾದದ್ದು ಕಾಲಿಗೆ.

ಹೆಚ್ಚಿನ ಸರಳು ಇಳಿಸಿಕೊಳ್ಳಲು ಬೇರೆ ಲಾರಿ ಬರಬೇಕು, ಅದು ಮಾರನೆಯ ದಿನವೇ ಎಂದು ತಿಳಿಯಿತು. ಅಲ್ಲಿಯವರೆಗೆ ಲಾರಿ ಬಿಟ್ಟು ಕದಲುವ ಹಾಗಿಲ್ಲ. ಬಿಸಿಲು ನೆತ್ತಿಗೇರಿತು. ಅವನು ಫುಟ್‌ಬೋರ್ಡಿನ ಮೇಲೆ ಕುಸಿದು ಕೂತ. ಕೆಳಗೆ ಇಳಿಜಾರಿನಲ್ಲಿ, ಭಾವಮೈದುನನ ಲಾರಿ ಮುರಿದುಕೊಂಡು ಹೋದ ತಡೆಗೋಡೆ ಇನ್ನೂ ಹಾಗೇ ಬಾಯಿ ಬಿಟ್ಟುಕೊಂಡಿತ್ತು. ಅತ್ತ ನೋಡಲಾರದೆ ಕ್ಯಾರಿಯರನ್ನು ತೊಡೆಯ ಮೇಲೆ ಎಳೆದುಕೊಂಡು ಗಂಟು ಬಿಚ್ಚಿದ.

ಮೇಲಿನ ಡಬ್ಬಿಯಲ್ಲಿ ಮಧ್ಯಾಹ್ನದ ಊಟವಿತ್ತು, ಕೆಳಗಿನದರಲ್ಲಿ ರಾತ್ರಿಯದು.